ಹಿಂದಲೆಗೆ ಮುಖ ಕಟ್ಟಿದ ಚಳಿಗಾಲ

ಹೋದ ತಿಂಗಳು ನಂಜನಗೂಡಿನಿಂದ ಟಿ. ನರಸೀಪುರದ ಬಸ್ಸು ಹತ್ತಿದ್ದೆ. ಸುತ್ತೂರು ದಾಟಿದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ರಸ್ತೆಯ ಅಗಲಕ್ಕೂ ಹರಡಿಕೊಂಡು ಮುಂದೆ ಹೋಗುತ್ತಿತ್ತು. ಬಸ್ಸು ಅದರ ಹಿಂದೆ ತೆವಳುತ್ತಿತ್ತು. ಪಕ್ಕದ ಗದ್ದೆಯಲ್ಲಿ ಯಾರೋ ಕಟಾವು ಮುಗಿಸಿ, ಉಳಿದ ಸೋಗೆಗೆ ಬೆಂಕಿ ಕೊಟ್ಟಿದ್ದರು. ಸುಟ್ಟ ಸಿಹಿಯಂಥ ಆ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಆ ವಾಸನೆ ಬಂದರೆ ನನಗೆ ನನ್ನ ಎಡಗಾಲು, ಆರು ಮಕ್ಕಳು ಮತ್ತು ಒಂದು ಚಿರತೆ ನೆನಪಾಗುತ್ತವೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ನಂಜನಗೂಡಿನ ಒಂದು ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಂತು ಆಗಲೇ ಹನ್ನೊಂದು ವರ್ಷವಾಗಿತ್ತು. ಬನ್ನು, ಬ್ರೆಡ್ಡು, ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು. ನನ್ನ ಲೋಕ ಅಷ್ಟೇ. ಮದುವೆಯಾಗಿರಲಿಲ್ಲ. ಬೇಕರಿಯ ಹಿಂದೆ ಒಂದು ರೂಮು, ಒಂದು ಚಾಪೆ. ಮಕ್ಕಳೆಂದರೆ ನನ್ನ ಪಾಲಿಗೆ ಗಾಜಿನ ಬೀರುವಿಗೆ ಮೂಗು ಒತ್ತಿ ನಿಂತು, ಜಿಡ್ಡು ಅಂಟಿಸಿ ಹೋಗುವ ಪ್ರಾಣಿಗಳು. ಆ ಜಿಡ್ಡು ಒರೆಸುವ ಕೆಲಸವೂ ನನ್ನದೇ ಆಗಿದ್ದರಿಂದ ಅವರ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ.

ದೀಪಾವಳಿಯ ಆರ್ಡರುಗಳು ಮುಗಿದ ವಾರ, ಮೈದಾ ಮೂಟೆಗಳ ಮೇಲೆ ಹತ್ತಿ ಅಟ್ಟದಿಂದ ಟ್ರೇ ಇಳಿಸುತ್ತಿದ್ದೆ. ಮೇಲಿನ ಮೂಟೆ ಜಾರಿತು. ನಾನು ಬಿದ್ದೆ, ನನ್ನ ಮೇಲೆ ಮೂಟೆ ಬಿತ್ತು. ಎಡಗಾಲಿನ ಮೂಳೆ ಮುರಿದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ವಿಷಯ ತಿಳಿದು ನನ್ನಕ್ಕ ಮಾದೇವಮ್ಮ ಊರಿಂದ ಬಂದಳು. ರೂಮನ್ನೊಮ್ಮೆ ನೋಡಿದಳು. "ಇಲ್ಲಿ ಯಾರ್ಲಾ ನಿಂಗೆ ಒಂದ್ ಲೋಟ ನೀರ್ ಕೊಡೋರು? ನಡಿ," ಎಂದು ಬಟ್ಟೆ ತುಂಬಿದಳು. ಟಿ. ನರಸೀಪುರಕ್ಕೆ ಏಳೆಂಟು ಕಿಲೋಮೀಟರ್ ಇರುವಾಗಲೇ ಒಳಕ್ಕೆ ತಿರುಗುವ ರಸ್ತೆಯಲ್ಲಿ ಅವಳ ಊರು. ಸುತ್ತ ಎತ್ತ ನೋಡಿದರೂ ಕಬ್ಬು. ನಡುಮನೆಯಲ್ಲಿ ಮಂಚ ಹಾಕಿ, ನನ್ನ ಕಾಲಿಗೆ ಎರಡು ದಿಂಬು ಕೊಟ್ಟು ಮಲಗಿಸಿದರು. ಊಟ, ನಿದ್ದೆ, ಕಿಟಕಿಯಿಂದ ಕಾಣುವ ಬೀದಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೂರ್ಯ ಹುಟ್ಟಿದ ಮೇಲೆ ಏಳತೊಡಗಿದೆ.

ಆ ಸುಖ ಎಂಟು ದಿನ ನಡೆಯಿತು. ಆಮೇಲೆ ಚಿರತೆ ಬಂತು.

ಮೊದಲು ಪಕ್ಕದೂರಿನಲ್ಲಿ ಕೊಟ್ಟಿಗೆಯ ಕರು ಹೋಯಿತು. ನಾಯಿಗಳು ಒಂದೊಂದಾಗಿ ಕಡಿಮೆಯಾದವು. ಮೂರನೆಯ ದಿನ, ಕಬ್ಬಿಗೆ ನೀರು ಕಟ್ಟಲು ಹೋಗಿದ್ದ ಒಬ್ಬ ಹಿರಿಯರ ಮೇಲೆ ಹಿಂದಿನಿಂದ ಹಾರಿ ಭುಜ ಹರಿಯಿತು. ಜೊತೆಯವರು ಕೂಗಿಕೊಂಡಿದ್ದರಿಂದ ಅವರು ಬದುಕಿಕೊಂಡರು. ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಬೀದಿಬೀದಿ ಸುತ್ತಿತು. ಒಬ್ಬೊಬ್ಬರೇ ಹೊಲದ ಕಡೆ ಹೋಗಬಾರದು, ಸಂಜೆ ಐದರೊಳಗೆ ಎಲ್ಲರೂ ಮನೆ ಸೇರಬೇಕು, ಮಕ್ಕಳನ್ನು ಹೊರಗೆ ಬಿಡಲೇಬಾರದು. ಶಾಲೆ ಊರಾಚೆ ಇತ್ತು. ಅಲ್ಲಿಗೆ ಹೋಗುವ ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಶಾಲೆಗೆ ಒಂದು ವಾರ ರಜೆ ಕೊಟ್ಟರು. ರಜೆ ಮುಗಿದ ಮೇಲೂ ಚಿಕ್ಕ ಮಕ್ಕಳನ್ನು ಯಾರೂ ಕಳಿಸಲಿಲ್ಲ.

ಆದರೆ ಸಕ್ಕರೆ ಕಾರ್ಖಾನೆಯಿಂದ ಕಟಾವಿಗೆ ಸರದಿ ಬಂದ ಮೇಲೆ ಕಬ್ಬನ್ನು ನಿಲ್ಲಿಸುವಂತಿಲ್ಲ. ದೊಡ್ಡವರೆಲ್ಲ ಗುಂಪು ಕಟ್ಟಿಕೊಂಡು ಮಚ್ಚು ಹಿಡಿದು ಹೊಲಕ್ಕೆ ಹೊರಟರು. ಬೀದಿಯಲ್ಲಿ ಎಲ್ಲಿಗೂ ಹೋಗಲಾರದ ದೊಡ್ಡ ಮನುಷ್ಯ ನಾನೊಬ್ಬನೇ. ಹೀಗಾಗಿ ಅಕ್ಕನ ಮಗಳು ಎಂಟು ವರ್ಷದ ಕಾವ್ಯ, ಮಗ ಐದು ವರ್ಷದ ಮನು, ಎದುರು ಮನೆಯ ಅಣ್ಣತಮ್ಮಂದಿರಿಬ್ಬರು, ಹಿಂದಿನ ಮನೆಯ ಮೂರು ವರ್ಷದ ಕೂಸೊಂದು ಮತ್ತು ಚಂದನ, ಇಷ್ಟೂ ಮಂದಿಯನ್ನು ನನ್ನ ಮಂಚದ ಸುತ್ತ ಬಿಟ್ಟು, ಬಾಗಿಲು ಎಳೆದುಕೊಂಡು ಹೋದರು.

ಚಂದನಳಿಗೆ ಆರು ವರ್ಷ. ಅವಳ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ರತ್ನ ದಿನಾ ಕಬ್ಬು ಕಡಿಯಲು ಕೂಲಿಗೆ ಹೋಗುವವಳು. ಉಳಿದ ಮಕ್ಕಳು ಮನೆ ಎತ್ತಿ ಹಾಕುತ್ತಿದ್ದರೆ ಇವಳು ಮಾತ್ರ ಕಿಟಕಿಯ ಸರಳು ಹಿಡಿದು, ಹೊಲದ ಕಡೆಯ ಬಂಡಿದಾರಿ ನೋಡುತ್ತ ನಿಂತಿರುತ್ತಿದ್ದಳು.

ಮೊದಲ ದಿನ ನನ್ನ ಫೋನಿನ ಡೇಟಾ ಹತ್ತು ಗಂಟೆಗೆಲ್ಲ ಮುಗಿಯಿತು. ಟೀವಿ ಹಾಕೋಣವೆಂದರೆ ಕರೆಂಟಿಲ್ಲ. ಮನು ರಾಗಿ ಹಿಟ್ಟಿನ ಡಬ್ಬ ಬೋರಲು ಹಾಕಿ ಅದರಲ್ಲಿ ಈಜಿದ. ಅಣ್ಣತಮ್ಮಂದಿರು ನನ್ನ ಊರುಗೋಲಿಗಾಗಿ ಹೊಡೆದಾಡಿದರು. ಕೂಸು ಅತ್ತಿತು. ಮಧ್ಯಾಹ್ನ ಕಣ್ಣು ಹತ್ತಿ ಎದ್ದು ನೋಡಿದರೆ ನನ್ನ ಪ್ಲಾಸ್ಟರಿನ ತುಂಬ ಇದ್ದಿಲಲ್ಲಿ ಬರೆದ ಕೋಳಿಗಳು. ಸಂಜೆ ಅಕ್ಕ ಬಂದಾಗ, ನಾಳೆ ಬೆಳಿಗ್ಗೆಯೇ ನನ್ನನ್ನು ನಂಜನಗೂಡಿನ ಬಸ್ಸಿಗೆ ಹತ್ತಿಸು, ಚಿರತೆ ಬಾಯಿಗಾದರೂ ಬೀಳುತ್ತೇನೆ, ಇವರ ಕೈಗೆ ಬೀಳಲಾರೆ ಎಂದೆ.

ಅಕ್ಕ ಕೈಕಾಲು ತೊಳೆಯುತ್ತಲೇ ಅಂದಳು: "ಅಷ್ಟೊಂದ್ ಹಿಟ್ ನಾದ್ದೋನು ನೀನು, ಆರ್ ಮಕ್ಳು ನಿಂಗೊಂದ್ ಲೆಕ್ಕನಾ? ಅವುಕ್ಕೂ ಒಸಿ ಹಿಟ್ ಕೊಡು, ನಾದ್ಕಂಡ್ ಕುಂತಿರ್ತವೆ."

ಅವಳು ತಮಾಷೆಗೆ ಹೇಳಿದ್ದು. ನಾನು ಮಾರನೆಯ ದಿನ ಅದನ್ನೇ ಮಾಡಿದೆ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲೆಸಿ ಆರು ಉಂಡೆ ಮಾಡಿ ಕೊಟ್ಟೆ. ಮನೆ ಸದ್ದಿಲ್ಲದಾಯಿತು. ಹಾವು, ಬಳೆ, ಟ್ರ್ಯಾಕ್ಟರು, ಹೋರಿ. ಕಾವ್ಯ ಬಾಚಣಿಗೆಯ ಹಲ್ಲು ಒತ್ತಿ ಎಲೆಯ ನರ ಮೂಡಿಸಿದಳು. ಚಂದನ ಕಿಟಕಿ ಬಿಟ್ಟು ಬಂದು ಕೂತಳು. ಅವಳ ಉಂಡೆಗೆ ನಾಲ್ಕು ಕಾಲು, ಉದ್ದ ಬಾಲ ಬಂತು. ಆಮೇಲೆ ಎಳ್ಳು ಕೇಳಿದಳು. ಒಂದೊಂದೇ ಎಳ್ಳನ್ನು ಬೆರಳ ತುದಿಯಲ್ಲಿ ಒತ್ತಿ ಮೈತುಂಬ ಚುಕ್ಕೆ ಇಟ್ಟಳು. ಅದು ಚಿರತೆ ಎಂದು ಯಾರೂ ಕೇಳದೆಯೇ ಎಲ್ಲರಿಗೂ ಗೊತ್ತಾಯಿತು. ಎಲ್ಲರೂ ಎಳ್ಳಿಗೆ ಕೈಯೊಡ್ಡಿದರು.

ಮಾಡಿದ್ದಾಯಿತು, ಈಗ ತಿನ್ನುವುದು ಹೇಗೆ ಎಂದು ಮನು ಕೇಳಿದ. ಬೇಕರಿಯಲ್ಲಾದರೆ ಒಂದು ಕೋಣೆಯಷ್ಟು ದೊಡ್ಡ ಭಟ್ಟಿ. ಇಲ್ಲಿ ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ಒಂದು ಸೌದೆ ಒಲೆ. ಯೋಚಿಸಿ, ಅಟ್ಟದ ಮೇಲಿದ್ದ ಹಳೆಯ ಅಲ್ಯೂಮಿನಿಯಂ ದಬರಿ ಇಳಿಸಿಕೊಡಲು ಸಂಜೆ ಹೊಲದಿಂದ ಬಂದ ಬಾವನಿಗೆ ಹೇಳಿದೆ. ಎರಡು ಬೆರಳೆತ್ತರ ಮರಳು ತುಂಬಿಸಿ, ಮೇಲೊಂದು ಬಟ್ಟಲು ಬೋರಲಿಟ್ಟು, ಅದರ ಮೇಲೆ ತಟ್ಟೆ. ದಬರಿಗೊಂದು ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ನಾನು ಕುರ್ಚಿಯಲ್ಲಿ ಕೂತು ಕಾಲು ಚಾಚಿಕೊಂಡು ಬೇಯಿಸುವುದು. ಒಲೆಯಿಂದ ಇಷ್ಟು ದೂರವೆಂದು ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿದ್ದೆ. ಮಕ್ಕಳು ಗೆರೆ ದಾಟುವಂತಿರಲಿಲ್ಲ.

ಮೊದಲ ಸಲದ್ದು ತಳ ಸೀದು, ನೆತ್ತಿ ಹಸಿ. ಹನ್ನೊಂದು ವರ್ಷದ ಮಾಸ್ಟರಿಗೆ ಒಂದು ದಬರಿ ಮಾತು ಕೇಳುತ್ತಿಲ್ಲವೆಂದು ನನಗೆ ಹಟ ಹುಟ್ಟಿತು. ಮೂರನೆಯ ದಿನ ರಾಗಿ ಹಿಟ್ಟನ್ನು ಹುರಿದು, ಗೋಧಿ ಹಿಟ್ಟು ಬೆರೆಸಿ, ಆಲೆಮನೆಯ ಬೆಲ್ಲ ಕುಟ್ಟಿ ಹಾಕಿ, ಅಕ್ಕನ ಬೆಣ್ಣೆ ಗಡಿಗೆಗೂ ಕೈ ಹಾಕಿದೆ. ಏಲಕ್ಕಿ ಬಿಡಿಸಲು ಮಕ್ಕಳನ್ನು ಕೂರಿಸಿದೆ. ಬೆಂದ ವಾಸನೆ ಬೀದಿಯ ತುದಿಗೆ ಹೋಯಿತಂತೆ. ಆ ಸಂಜೆ ಹೊಲದಿಂದ ಬಂದ ಹೆಂಗಸರು ತಂತಮ್ಮ ಮಕ್ಕಳನ್ನು ಕರೆದೊಯ್ಯುವ ನೆಪದಲ್ಲಿ ಒಳಗೆ ಬಂದು, ಒಂದೊಂದು ಚಿರತೆ ತಿಂದು ಹೋದರು. ತಲೆ ಮೊದಲು ತಿನ್ನಬೇಕೆಂದು ಮನು ಎಲ್ಲರಿಗೂ ಹೇಳಿಕೊಟ್ಟ.

ಅಲ್ಲಿಂದ ದಿನಗಳು ಹೇಗೆ ಹೋದವೋ. ಅವರೆಕಾಯಿಯ ಕಾಲ. ಬೆಳಿಗ್ಗೆ ನೆನೆದ ಅವರೆಕಾಳನ್ನು ಹಿತಕಿ, ಯಾರ ಬೇಳೆ ದೂರ ಹಾರುತ್ತದೆಂದು ಪಂದ್ಯ. ಅಕ್ಕನಿಗೆ ಹಿತಕಿದ ಬೇಳೆ ಸಾರಿಗೆ ಬೇಳೆ ಸಿಕ್ಕಂತೆಯೂ ಆಯಿತು. ಅರ್ಧ ಗೋಡೆಯಿಂದ ಆಯ್ದದ್ದು, ಅದು ಬೇರೆ ಮಾತು. ಹಳೆಯ ಪೇಪರಿನಲ್ಲಿ ಟೋಪಿ, ತೆಂಗಿನ ಗರಿಯಲ್ಲಿ ಗಿರಗಟ್ಟಲೆ. ನನಗೆ ತಿಳಿದದ್ದು ಮುಗಿದಾಗ ಕಾವ್ಯ ತನಗೆ ತಿಳಿದದ್ದನ್ನು ನನಗೆ ಕಲಿಸಿದಳು. ಬೇಕರಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ನನ್ನನ್ನು ನೋಡಲು ಬಂದವನು, ನಾನು ಫೋನಿನಲ್ಲಿ ಹೇಳಿದ್ದಂತೆ, ಕೇಕಿನ ಡಬ್ಬ ಮಾಡುವ ರಟ್ಟಿನ ಒಂದು ದೊಡ್ಡ ಕಟ್ಟನ್ನು ಹೊತ್ತು ತಂದ. ಕಾಯಿಲೆ ವಿಚಾರಿಸಲು ಬಂದವರಿಂದ ಹಣ್ಣಿನ ಬದಲು ರಟ್ಟು ತರಿಸಿಕೊಂಡವನು ನೀನೊಬ್ಬನೇ ಎಂದ.

ಅದೇ ವಾರ ಅರಣ್ಯ ಇಲಾಖೆಯ ಗಾರ್ಡೊಬ್ಬರು ಬೀದಿಗೆ ಬಂದು ಜನರಿಗೆ ತಿಳಿಹೇಳಿದರು. ಈ ಪ್ರಾಣಿ ಎದುರಿಂದ ಮುಖ ನೋಡಿ ಹಾರುವುದು ಕಡಿಮೆ, ಬೆನ್ನು ಕಂಡರೆ ಹಾರುತ್ತದೆ, ಕೆಲವು ಕಡೆ ಜನ ತಲೆಯ ಹಿಂದೆ ಮುಖವಾಡ ಕಟ್ಟಿಕೊಂಡೇ ಹೊಲದಲ್ಲಿ ಕೆಲಸ ಮಾಡುತ್ತಾರೆ ಎಂದರು. ದೊಡ್ಡವರು ಕೇಳಿ ನಕ್ಕರು. ಕಿಟಕಿಗೆ ಅಂಟಿಕೊಂಡಿದ್ದ ಮಕ್ಕಳು ನಗಲಿಲ್ಲ.

ಒಳಗೆ ರಟ್ಟು ಇತ್ತು. ಮೈದಾ ಬೇಯಿಸಿದ ಅಂಟು ಇತ್ತು. ಕಣ್ಣಿನ ತೂತನ್ನು ನಾನು ಬ್ಲೇಡಿನಲ್ಲಿ ಕೊರೆದುಕೊಟ್ಟೆ. ಮಸಿ, ಅರಿಶಿನ, ಕುಂಕುಮ, ಸುಣ್ಣ ಬಣ್ಣಗಳಾದವು. ಚಂದನ ಎರಡು ದಿನ ಕೂತು ಒಂದೇ ಒಂದು ಮುಖ ಮಾಡಿದಳು. ಕಂಬಳಿಹುಳುವಿನಂಥ ಹುಬ್ಬು, ಹಿತಕಿದ ಅವರೆಯ ಸಿಪ್ಪೆ ಅಂಟಿಸಿ ಹಲ್ಲು, ತೆಂಗಿನ ನಾರಿನ ದಪ್ಪ ಮೀಸೆ. ಅದು ಅವ್ವನಿಗೆ ಎಂದಳು. ಅವ್ವನಿಗೆ ಮೀಸೆ ಏಕೆ ಎಂದು ನಾನು ಕೇಳಿದ್ದಕ್ಕೆ, ನನ್ನ ದಡ್ಡತನಕ್ಕೆ ಬೇಸರಪಟ್ಟವಳಂತೆ ಅಂದಳು: "ಮೀಸೆ ಇದ್ರೇ ಮಾವ ಅದು ಎದ್ರುಕಳೋದು."

ಸಂಜೆ ರತ್ನ ಬಂದಾಗ ಕೊಟ್ಟಳು. ರತ್ನ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾಳೆ ಖಂಡಿತ ಕಟ್ಟಿಕೊಳ್ಳುತ್ತೇನೆ ಎಂದು ಬ್ಯಾಗಿಗೆ ಹಾಕಿಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಚಂದನ ಕಿಟಕಿಯಲ್ಲಿ ನಿಂತು, ಹೆಂಗಸರ ಗುಂಪು ಹೊಲಕ್ಕೆ ಹೋಗುವುದನ್ನು ಕೊನೆಯವರೆಗೆ ನೋಡಿದಳು. ರತ್ನಳ ತಲೆಯ ಹಿಂದೆ ತುರುಬು ಬಿಟ್ಟರೆ ಏನೂ ಇರಲಿಲ್ಲ. ಮಗಳನ್ನು ಬಿಡಲು ಬಂದಾಗ ಆ ಮುಖವನ್ನು ನಮ್ಮ ಜಗುಲಿಯ ಮೇಲೆಯೇ ಇಟ್ಟು ಹೋಗಿದ್ದಳು. ನಾಲ್ಕು ಜನರೆದುರು ಅಂಥದ್ದನ್ನು ಕಟ್ಟಿಕೊಳ್ಳಲು ರತ್ನಳಿಗೆ ನಾಚಿಕೆ ಎನ್ನಿಸಿರಬೇಕು. ಚಂದನ ಅಳಲಿಲ್ಲ. ನಾನೂ ಅದನ್ನು ಅಲ್ಲಿಗೇ ಮರೆತೆ.

ನಾನು ಮರೆಯಬಾರದಿತ್ತು. ಅವತ್ತು ನನಗೆ ದಬರಿಯ ಗುಟ್ಟು ಸಿಕ್ಕಿತ್ತು. ಮರಳು ಎಷ್ಟು ಕಾದಾಗ ತಟ್ಟೆ ಇಡಬೇಕು, ಮೇಲಿನ ಕೆಂಡ ಯಾವಾಗ ತೆಗೆಯಬೇಕು ಎಂದು ತಿಳಿದು, ಮಧ್ಯಾಹ್ನದಿಂದ ಒಲೆ ಬಿಟ್ಟು ಏಳಲಿಲ್ಲ. ನಾಲ್ಕೂವರೆಗೆ ಕೊನೆಯ ತಟ್ಟೆ ಇಳಿಸಿದೆ. ತಳ ಮೇಲು ಒಂದೇ ಬಣ್ಣ, ಬೇಕರಿಯಲ್ಲೂ ಅಂಥದ್ದು ದಿನಾ ಬರುವುದಿಲ್ಲ. ಖುಷಿಯಿಂದ ಆರು ತಟ್ಟೆಗೆ ಎರಡೆರಡು ಹಾಕಿ ಮಕ್ಕಳನ್ನು ಕರೆದೆ. ಐದು ತಟ್ಟೆ ಖಾಲಿಯಾದವು. ಒಂದು ಹಾಗೇ ಉಳಿಯಿತು.

ಹಿತ್ತಿಲ ಬಾಗಿಲ ಬಳಿ ಬಕೆಟ್ಟು ಬೋರಲಾಗಿತ್ತು. ಮೇಲಿನ ಚಿಲಕ ತೆಗೆದಿತ್ತು. ಕಾವ್ಯಳನ್ನು ಕೇಳಿದರೆ ಅವಳು ತುಟಿ ಬಿಗಿದಳು. ಮನುವೇ ಹೇಳಿದ, "ಅವ್ವಂಗೆ ಮುಖ ಕಟ್ಬುಟ್ ಬತ್ತೀನಿ ಅಂದ್ಲು ಮಾವ. ಏಳ್ಬ್ಯಾಡ ಅಂದ್ಲು."

ಕಾವ್ಯಳಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಯಾರನ್ನೂ ಬಿಡಬೇಡ ಎಂದೆ. ಮುಚ್ಚಳದ ಕೆಂಡವನ್ನು ನೆಲಕ್ಕೆ ಸುರಿದು, ಅದರ ಹಿಡಿಗೆ ಮೂಟೆ ಹೊಲಿಯುವ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಎಡ ಕಂಕುಳಲ್ಲಿ ಊರುಗೋಲು, ಬಲಗೈಯಲ್ಲಿ ಸೌಟು. ಬಿಸಿ ಮುಚ್ಚಳ ಎದೆಗೆ ತಾಗಿ ಅಂಗಿ ಸೀದದ್ದು ಆಮೇಲೆ ಗೊತ್ತಾಯಿತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಸೌಟಿನಿಂದ ಮುಚ್ಚಳ ಬಾರಿಸುತ್ತ, ಅವಳ ಹೆಸರು ಕೂಗುತ್ತ, ಪ್ಲಾಸ್ಟರ್ ಕಾಲನ್ನು ಎಳೆದುಕೊಂಡು ಬಂಡಿದಾರಿಯಲ್ಲಿ ನಡೆದೆ. ಎರಡೂ ಕಡೆ ಕಬ್ಬು. ಗಾಳಿಯಿರಲಿಲ್ಲ. ಒಂದೊಂದು ಹೆಜ್ಜೆಗೂ ಕಾಲಿನ ಒಳಗೆ ಏನೋ ಲಟಕ್ಕೆನ್ನುತ್ತಿತ್ತು.

ಕಾಲುವೆಯ ಮೋರಿಯ ಹತ್ತಿರ ಅವಳು ಕಂಡಳು. ಕಂಡದ್ದು ಅವಳಲ್ಲ, ಆ ಮುಖ. ಪುಟ್ಟ ಲಂಗದ ಮೇಲೆ ಕಂಬಳಿಹುಳುವಿನ ಹುಬ್ಬಿನ, ದಪ್ಪ ಮೀಸೆಯ ಮುಖವೊಂದು ಹಲ್ಲು ಬಿಟ್ಟು ನನ್ನನ್ನೇ ನೋಡುತ್ತಿತ್ತು. ದಾರಿಯಲ್ಲಿ ತನಗೇ ಇರಲಿ ಎಂದು ಹಿಂದಲೆಗೆ ಕಟ್ಟಿಕೊಂಡಿದ್ದಳು. ನನ್ನ ಸದ್ದು ಕೇಳಿಯೂ ಅವಳು ತಿರುಗಲಿಲ್ಲ. ಮುಂದಿನ ಕಬ್ಬನ್ನೇ ನೋಡುತ್ತ ಕಲ್ಲಿನಂತೆ ನಿಂತಿದ್ದಳು. ಅಲ್ಲಿ ಒಳಗೆ ಸೋಗೆ ಸರಸರ ಎನ್ನುತ್ತಿತ್ತು.

ನಾನು ಮುಚ್ಚಳವನ್ನು ಇದ್ದ ಬಲವೆಲ್ಲ ಹಾಕಿ ಬಾರಿಸಿದೆ. ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ಬೇಕರಿಯ ತಿಂಡಿಗಳ ಹೆಸರನ್ನೂ ಕೂಗಿದೆನೆಂದು ಚಂದನ ಆಮೇಲೆ ಹೇಳಿದಳು. ಕಬ್ಬಿನ ತುದಿಗಳು ಅಲುಗಾಡಿದವು. ಆ ಅಲುಗಾಟ ಗೆರೆ ಎಳೆದ ಹಾಗೆ ನಮ್ಮಿಂದ ದೂರ, ಇನ್ನೂ ದೂರ ಹೋಗಿ ನಿಂತಿತು. ಅದು ಹಂದಿಯೋ, ನಾಯಿಯೋ, ಚಿರತೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಚಂದನಳ ರಟ್ಟೆ ಹಿಡಿದೆ.

ಆ ಸದ್ದಿಗೆ ಆಚೆ ಹೊಲದಿಂದ ಹೆಂಗಸರು ಮಚ್ಚು ಹಿಡಿದು ಓಡಿಬಂದರು. ಮುಂದೆ ರತ್ನ. ಮಗಳನ್ನು ಹೊಡೆಯುತ್ತಾಳೆ, ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ. ಅವಳು ಮಣ್ಣಿನಲ್ಲೇ ಕುಕ್ಕರಿಸಿ ಕೂತು ಮಗಳನ್ನು ಅಪ್ಪಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವಳ ತಲೆಯಿಂದ ಆ ಮುಖ ಬಿಚ್ಚಿ ತನ್ನ ತುರುಬಿನ ಮೇಲೆ ಕಟ್ಟಿಕೊಂಡಳು. ತಿರುಗಿ ಕೂತು, ಸರಿಯಾಗಿದೆಯಾ ನೋಡು ಎಂದಳು. ಚಂದನ ಬಿಕ್ಕುತ್ತಲೇ ಕೈ ಎತ್ತಿ ಮೀಸೆ ಸರಿ ಮಾಡಿದಳು.

ನಾನು ಒಲೆ ಮುಂದೆ ಕೂತು ಮೈಮರೆತೆ, ನನ್ನದೇ ತಪ್ಪು ಎಂದೆ.

"ಬುಡಣ್ಣ," ಎಂದಳು ರತ್ನ. "ನಾನು ಬೆಳಿಗ್ಗೆನೇ ಕಟ್ಕಂಡಿದ್ರೆ ಕೂಸು ಈ ದಾರಿ ತುಳೀತಿರ್ನಿಲ್ಲ. ಜನ ನಗ್ತಾರೆ ಅಂತ ಬುಟ್ಟೋದೆ. ಮುರ್ದ ಕಾಲ್ನಲ್ಲಿ ಬಂದಿದೀರಲ್ಲ ನೀವು."

ಮುರಿದ ಕಾಲು ನಿಜವಾಗಿಯೂ ಮತ್ತೆ ಕೆಟ್ಟಿತ್ತು. ಪ್ಲಾಸ್ಟರ್ ಬಿರುಕು ಬಿಟ್ಟಿತ್ತು. ನಂಜನಗೂಡಿನ ಡಾಕ್ಟರು ಅದರ ಮೇಲಿನ ಕೋಳಿ, ಟ್ರ್ಯಾಕ್ಟರು, ಚಿರತೆಗಳನ್ನು ನೋಡಿ, ಇದು ಕಾಲೋ ಅಂಗನವಾಡಿ ಗೋಡೆಯೋ ಎಂದು ಬೈದು, ಹೊಸದು ಹಾಕಿ ಇನ್ನೂ ಮೂರು ವಾರ ಎಂದರು. ಬೇಕರಿಯ ಯಜಮಾನರಿಗೆ ಫೋನಿನಲ್ಲಿ ಹೇಳುವಾಗ ದನಿಯಲ್ಲಿ ಬೇಸರ ತಂದುಕೊಳ್ಳಲು ನಾನು ಪ್ರಯತ್ನ ಪಡಬೇಕಾಯಿತು. ಮಕ್ಕಳಿಗೆ ಮಾತ್ರ ಹಳೆಯ ಚಿತ್ರಗಳೆಲ್ಲ ಆಸ್ಪತ್ರೆಯ ಬುಟ್ಟಿ ಸೇರಿದ್ದಕ್ಕೆ ನಿಜವಾದ ದುಃಖವಾಯಿತು. ಬಿಳಿ ಗೋಡೆ ಮತ್ತೆ ಸಿಕ್ಕಿದ್ದು ಆಮೇಲೆ ಹೊಳೆಯಿತು.

ಆದರೂ ಕೆಲವು ದಿನ ನನಗೆ ಒಲೆಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಆ ಉಳಿದ ತಟ್ಟೆಯೇ ಕಣ್ಣ ಮುಂದೆ ಬರುತ್ತಿತ್ತು. ಬೇಕರಿಯಲ್ಲಿ ಒಂದು ಟ್ರೇ ಸೀದರೆ ಇನ್ನೊಂದು ಇಟ್ಟರಾಯಿತು ಎನ್ನುವುದು ನಮ್ಮ ಮಾತು. ಇಲ್ಲಿ ಆ ಮಾತು ನಡೆಯುವುದಿಲ್ಲವೆಂದು ತಿಳಿದು ಭಯವಾಗಿತ್ತು. ಹಿತ್ತಿಲ ಬಾಗಿಲಿಗೆ ಬಾವನಿಂದ ಬೀಗ ಹಾಕಿಸಿದೆ. ಗಂಟೆಗೊಮ್ಮೆ ತಲೆ ಎಣಿಸತೊಡಗಿದೆ. ಮನು ಅದನ್ನೂ ಆಟ ಮಾಡಿಕೊಂಡು, ಎಣಿಸುವಾಗ ಎರಡು ಸಲ ಕೈ ಎತ್ತಿ ನನ್ನ ಜೀವ ತೆಗೆಯುತ್ತಿದ್ದ.

ಮೂರನೆಯ ದಿನ ಸಂಜೆ ಬೀದಿಯ ಹೆಂಗಸರು ಬಂದು ಅಂಗಳದಲ್ಲಿ ನಿಂತರು. ರತ್ನ ಮೂರು ದಿನವೂ ಆ ಮುಖ ಕಟ್ಟಿಕೊಂಡೇ ಕಬ್ಬು ಕಡಿದಿದ್ದಳು. ಮೊದಲ ದಿನ ನಕ್ಕವರಿಗೆ ಎರಡನೆಯ ದಿನ ತಮ್ಮ ಬೆನ್ನು ಬರಿದು ಎನ್ನಿಸಿತ್ತು. ನಮಗೂ ಮಾಡಿಸಿಕೊಡಿ ಎಂದರು. ನನ್ನನ್ನಲ್ಲ, ಮಕ್ಕಳನ್ನು ಕೇಳಿದರು. ನಡುಮನೆ ಕಾರ್ಖಾನೆಯಾಯಿತು. ಅಣ್ಣತಮ್ಮಂದಿರು ರಟ್ಟು ಹಿಡಿಯುವುದು, ಮನು ಅಂಟು ಬಳಿಯುವುದು, ಕಾವ್ಯ ಕಣ್ಣು ಬರೆಯುವುದು, ಚಂದನ ಮೀಸೆ ಅಂಟಿಸುವುದು. ಕೂಸಿಗೆ ಕುಂಕುಮದ ಬೊಟ್ಟಿಡುವ ಕೆಲಸ. ಇಂತಿಂಥ ಮುಖ ಬೇಕೆಂದು ಬೇಡಿಕೆ ಬಂತು. ಒಬ್ಬಾಕೆ ತನ್ನ ಅತ್ತೆಯ ಮುಖವೇ ಇರಲಿ, ಚಿರತೆ ಊರನ್ನೇ ಬಿಡುತ್ತದೆ ಎಂದಳು. ಅಕ್ಕ ಕನ್ನಡಕ ಹಾಕಿದ ಮುಖ ಕೇಳಿ ಪಡೆದಳು. ಎರಡು ದಿನ ಬಿಟ್ಟು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ, ಬೀದಿಯ ಹೆಂಗಸರೆಲ್ಲ ನಮ್ಮ ಕಡೆಗೇ ಮುಖ ಮಾಡಿ, ಹಿಂದೆ ಹಿಂದೆ ನಡೆದುಕೊಂಡು ಹೊಲಕ್ಕೆ ಹೋಗುತ್ತಿರುವಂತೆ ಕಾಣುತ್ತಿತ್ತು. ಮಕ್ಕಳು ಸರಳು ಹಿಡಿದು ತಂತಮ್ಮ ಮುಖಗಳನ್ನು ಗುರುತಿಸಿ ಕೂಗಿದರು. ಆ ದಿನ ಮತ್ತೆ ಒಲೆ ಹಚ್ಚಿದೆ.

ಆ ಮುಖಗಳಿಂದಲೇ ಏನಾದರೂ ಆಯಿತೋ ಇಲ್ಲವೋ ನಾನು ಹೇಳಲಾರೆ. ನಮ್ಮ ಬೀದಿಯ ಯಾರಿಗೂ ಏನೂ ಆಗಲಿಲ್ಲ. ಇಬ್ಬನಿಗೆ ರಟ್ಟು ಮೆತ್ತಗಾಗುತ್ತಿತ್ತು. ಪ್ರತಿ ಸಂಜೆ ಹೆಂಗಸರು ಬಂದು ರಿಪೇರಿಗೆ ಕೊಟ್ಟು, ಬಿಸ್ಕತ್ತು ತಿಂದು ಹೋಗುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ, ಅರಣ್ಯ ಇಲಾಖೆಯವರು ಇಟ್ಟಿದ್ದ ಬೋನಿಗೆ ಚಿರತೆ ಬಿತ್ತೆಂದು ಊರಿಗೆ ಊರೇ ಓಡಿತು. ಬಾವ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಮಕ್ಕಳು ದೊಡ್ಡವರ ಹೆಗಲೇರಿ ನೋಡಿದರು. ಬೋನಿನ ಮೂಲೆಯಲ್ಲಿ ಮುದುರಿ ಕೂತಿದ್ದ ಬಡಕಲು ಪ್ರಾಣಿ. "ಇಷ್ಟೇನಾ ಮಾವ?" ಎಂದ ಮನು, ಮೋಸ ಹೋದವನಂತೆ. ಚಂದನ ಮಾತ್ರ ಬಹಳ ಹೊತ್ತು ನೋಡಿ, ತಾನು ಎಳ್ಳು ಇಟ್ಟಿದ್ದು ತಪ್ಪು, ಒಂದೊಂದು ಚುಕ್ಕೆಯ ಒಳಗೂ ಖಾಲಿ ಬಿಡಬೇಕಿತ್ತು ಎಂದಳು.

ಆಮೇಲೆ ಭಯ ತಾನಾಗಿ ಇಳಿಯಿತು. ಕಬ್ಬೂ ಮುಗಿದು ಹೊಲಗಳು ಬಯಲಾಗಿ, ನಿಂತಲ್ಲಿಂದಲೇ ಶಾಲೆ ಕಾಣತೊಡಗಿತು. ನನ್ನ ಪ್ಲಾಸ್ಟರ್ ಕತ್ತರಿಸಿದರು. ಒಳಗಿನಿಂದ ಬಂದ ಕಾಲು ಬೇರೆ ಯಾರದ್ದೋ ಎನ್ನುವಷ್ಟು ಸಣ್ಣಗಾಗಿತ್ತು.

ನಾನು ಹೊರಡುವ ದಿನ ಭಾನುವಾರ. ಸಂಜೆಯ ಬಸ್ಸು. ಆರೂ ಮಕ್ಕಳು ಬಸ್ ನಿಲ್ದಾಣದವರೆಗೆ ಬಂದರು. ಮನು ನನ್ನ ಬ್ಯಾಗನ್ನು ನೆಲಕ್ಕೆ ಎಳೆದುಕೊಂಡು ಬಂದ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ತಯಾರಾಗುತ್ತಿದ್ದೆ. ಇವರು ಅತ್ತರೆ ಏನು ಹೇಳಬೇಕು, ಯುಗಾದಿಗೆ ಬರುತ್ತೇನೆ ಎನ್ನಬೇಕೋ, ಬೇಸಿಗೆ ರಜೆಗೆ ಎನ್ನಬೇಕೋ. ಚಂದನ ನನ್ನ ಬೆರಳು ಹಿಡಿದಿದ್ದಳು. ದೂರದಲ್ಲಿ ಬಸ್ಸು ಕಂಡಿತು. ಗಂಟಲು ಸರಿ ಮಾಡಿಕೊಂಡು ಬಗ್ಗಿದೆ.

ಅಷ್ಟರಲ್ಲಿ ಎದುರು ಮನೆಯ ದೊಡ್ಡವನು ಕಾವ್ಯಳ ಬೆನ್ನಿಗೊಂದು ಏಟು ಕೊಟ್ಟು, ಔಟು ಎಂದು ಕೂಗಿ ಓಡಿದ. ಕಾವ್ಯ ಅವನ ಹಿಂದೆ ಓಡಿದಳು. ಮನು ಬ್ಯಾಗು ಕೈಬಿಟ್ಟ. ಚಂದನ ನನ್ನ ಮುಖವನ್ನೊಮ್ಮೆ, ಓಡುತ್ತಿದ್ದವರನ್ನೊಮ್ಮೆ ನೋಡಿ, "ಓಗ್ಬುಟ್ ಬಾ ಮಾವ," ಎಂದವಳೇ ಬೆರಳು ಬಿಡಿಸಿಕೊಂಡು ಓಟ ಕಿತ್ತಳು.

ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಒಂದು ಕ್ಷಣ ಮನಸ್ಸಿಗೆ ಚುರುಕ್ಕೆಂದಿತು, ಸುಳ್ಳು ಹೇಳುವುದಿಲ್ಲ. ತಿರುಗಿ ನೋಡಿದೆ. ಐದು ಗಂಟೆ ದಾಟಿತ್ತು. ಧೂಳಿನಲ್ಲಿ ಆರು ಮಕ್ಕಳು ಬೀದಿಯ ಈ ತುದಿಯಿಂದ ಆ ತುದಿಗೆ ಚೀರಿಕೊಂಡು ಓಡುತ್ತಿದ್ದರು. ಕೂಸು ಎಲ್ಲರಿಗಿಂತ ಹಿಂದೆ, ಬಿದ್ದು ಎದ್ದು ಓಡುತ್ತಿತ್ತು. ಮನೆ ಮನೆಯ ಬಾಗಿಲಲ್ಲಿ ಹೆಂಗಸರು ನಿಂತು, ಕತ್ತಲಾಗುತ್ತದೆ, ಒಳಗೆ ಬನ್ನಿ ಎಂದು ಕರೆಯುತ್ತಿದ್ದರು. ಒಬ್ಬರೂ ಒಳಗೆ ಹೋಗಲಿಲ್ಲ.